ದಿವಾಡಿಯ ಬಿಸಿಲು, ಇಕ್ಕಳದ ಹಲ್ಲು

ಸಾವಕ್ಕ ಬಂದಾಗ ಕಾಡಸಿದ್ದ ಕಾಕಾ ಒರೆಗಲ್ಲಿಗೆ ಎಣ್ಣೆ ಸವರುತ್ತಿದ್ದ. ೧೯೬೩ರ ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬ, ಕಳೆದು ಐದನೆಯ ದಿನ. ಒಳಗೆ ಬಾ ಅಂದರೂ ಆಕೆ ಬರಲಿಲ್ಲ. ಹೊಸ್ತಿಲಾಚೆಗೇ ಕುಸಿದು ಕೂತಳು.

"ನಮ್ಮಣ್ಣ ಕದ್ದಿಲ್ರಿ ಕಾಕಾ. ಠಾಣ್ಯಾಗ ಹಾಕಿ ಮೂರು ದಿನಾ ಆತು. ರೊಟ್ಟಿ ಒಯ್ದರ ಹೊರಗ ನಿಂದರಸ್ತಾರ. ಒಳಗಿಂದ ಅವನ ದನಿ ಕೇಳತೈತಿ, ಮಾರಿ ತೋರಸೂದಿಲ್ಲ."

ಕಾಕಾ ಗಣಪತನ ಕಡೆ ನೋಡಿದ. ಗಣಪತ ಆಗಲೇ ಚಪ್ಪಲಿ ಮೆಟ್ಟಿದ್ದ.

ಕೊಲ್ಲಾಪುರ ಸೀಮೆಯ ಬೆಳ್ಳಿ ಕೆಲಸದ ಊರು ಹುಪರಿಯಲ್ಲಿ ಬೆಳ್ಳಿಯನ್ನು ಒರೆಗೆ ಹಚ್ಚಿ ಎಷ್ಟು ಚೊಕ್ಕವೆಂದು ಹೇಳುವವನು ಕಾಡಸಿದ್ದ ಕಾಕಾ. ನಲವತ್ತು ವರ್ಷದಲ್ಲಿ ಅವನ ಕಲ್ಲು ಸುಳ್ಳು ಹೇಳಿರಲಿಲ್ಲ. ಹಾಗಾಗಿ ಕಳೆದ ಎಮ್ಮೆ, ಓಡಿಹೋದ ಸೊಸೆ, ಬಾವಿಗೆ ಬಿದ್ದ ಹೆಣ, ಎಲ್ಲ ಗಂಟುಗಳನ್ನೂ ಜನ ಅವನ ಜಗಲಿಗೇ ತರುತ್ತಿದ್ದರು. ಗಣಪತ ಅವನ ಮನೆಯಲ್ಲೇ ಇದ್ದು ಬೆಳ್ಳಿ ತಂತಿ ಎಳೆಯುವವನು. ಐದನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದ, ಈಗ ಇಪ್ಪತ್ಮೂರು. ಮುದುಕನಿಗೆ ಕಾಲು ಅವನೇ, ಸಿಟ್ಟೂ ಅವನೇ.

ಕಳವಿನ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಆಜರಾ ಕಡೆಯ ಉತ್ತೂರಿನವರು ದೇವಿಗೆ ಬೆಳ್ಳಿ ಮುಖ ಮಾಡಿಸಲು ಮನೆಮನೆಯ ಹೆಂಗಸರ ಕಡಗ, ಸರಪಳಿ ಕೂಡಿಸಿ ಬಸಗೊಂಡ ಶೇಟನ ಕಾರಖಾನೆಗೆ ಕೊಟ್ಟಿದ್ದರು. ಅದನ್ನು ಕರಗಿಸಿ ತಗಡು ಮಾಡಿಕೊಟ್ಟವನು ಶೇಟ. ಬಡಿದು ಬಡಿದು ಮುಖ ಮೂಡಿಸಿದವನು ಸಾವಕ್ಕನ ಅಣ್ಣ ಧೊಂಡಿಬಾ. ಸಂಕ್ರಾಂತಿಗೆ ಒಯ್ಯುವ ಮೊದಲು ಕಾಕಾನ ಕಲ್ಲಿಗೆ ಹಚ್ಚಿ ನೋಡಬೇಕೆಂದು ಮಾತಾಗಿತ್ತು. ಡಿಸೆಂಬರ್ ಇಪ್ಪತ್ತೈದರ ಸಂಜೆ ಮುಖ ಇತ್ತು; ಇಪ್ಪತ್ತಾರರ ಮುಂಜಾನೆ ನೋಡಿದರೆ ಕೀಲಿ ಮುರಿದಿದೆ, ಮುಖ ಇಲ್ಲ. ಕುಲುಮೆಯ ಪಕ್ಕ ಬಳಸಿದ ಮೂಸೆ. ಅದರ ಮಗ್ಗುಲಿಗೆ ಧೊಂಡಿಬಾನ ಹಿತ್ತಾಳೆಯ ಊದುಗೊಳವೆ. ಅಲ್ಲೇ ಕರಗಿಸಿ ಗಟ್ಟಿ ಮಾಡಿಕೊಂಡು ಹೋಗಿದ್ದಾನೆಂದು ಶೇಟ ಹೇಳಿದ, ಫೌಜದಾರ ಬರೆದುಕೊಂಡ. ಇಪ್ಪತ್ತೇಳಕ್ಕೆ ಊರಿಗೆ ಬಂದ ಧೊಂಡಿಬಾನ ಕಾಲು ಬಸ್ಸಿನ ಮೆಟ್ಟಿಲಿಂದ ನೆಲಕ್ಕೆ ತಾಗುವ ಮೊದಲೇ ಹಿಡಿದರು.

ಎಲ್ಲಿಗೆ ಹೋಗಿದ್ದೆ? ಗೋವಾಕ್ಕೆ, ದಿವಾಡಿ ನಡುಗಡ್ಡೆಗೆ. ಯಾಕೆ? ನಾತಾಳ ನೋಡಲು. ಯಾರ ಜೋಡಿ? ಒಬ್ಬನೇ. ಠಾಣೆಗೆ ಠಾಣೆಯೇ ಬಿದ್ದು ಬಿದ್ದು ನಕ್ಕಿತ್ತು.

ಕಾಕಾನ ಮುಖ ನೋಡಿ ಫೌಜದಾರ ಹತ್ತು ನಿಮಿಷ ಕೊಟ್ಟ. ಧೊಂಡಿಬಾ ಗೋಡೆಗೆ ಒರಗಿ ಕೂತಿದ್ದ. ಎರಡೂ ಕೈಗಳನ್ನು ಹರಕು ಧೋತರದಲ್ಲಿ ಸುತ್ತಿ ಬಗಲಲ್ಲಿ ಬಚ್ಚಿಟ್ಟಿದ್ದ. ಗಣಪತ ಆ ಅರಿವೆಯ ಕಡೆ ನೋಡಿದ, ಮತ್ತೆ ನೋಡಲಾಗಲಿಲ್ಲ.

"ಸುತ್ತೂ ಕಡೆ ನೀರಿದ್ದ ಊರು ನೋಡಬೇಕಂತ ಸಣ್ಣಾಂವ ಇದ್ದಾಗಿಂದ ಇತ್ತು ಕಾಕಾ," ಅಂದ ಧೊಂಡಿಬಾ. "ನಾವಿ ಇಳದೆ. ಡಿಸೆಂಬರದಾಗ ಎಂಥಾ ಬಿಸಲು ಅಂತೀರಿ! ತೆಂಗಿನ ಗರಿ ಎಲ್ಲಾ ಹೊಸ ಬೆಳ್ಳಿಗತೆ ಹೊಳ್ಯಾಕತ್ತಿದ್ವು. ಜನಾ ಹೊಸ ಅರಿವಿ ಹಾಕ್ಕೊಂಡು ಚರ್ಚಿಗೆ ಹೊಂಟಿದ್ರು. ನಾ ದಂಡಿ ಮ್ಯಾಲ ಒಬ್ಬನ ಕುಂತಿದ್ದೆ. ಒಬ್ಬಾಕಿ ಮುದುಕಿ ಬಂದ್ಲು, ಪಾಸ್ಕೀನ್ ಮಾಯ್ ಅಂತ. ನಾತಾಳದ ದಿನಾ ಒಬ್ಬನ ಉಣಬಾರದಪಾ ಅಂದು ಮನಿಗೆ ಕರಕೊಂಡು ಹೋದ್ಲು. ತನ್ನ ಮಕ್ಕಳ ಸಾಲಿನಾಗ ಕುಂಡ್ರಿಸಿದ್ಲು. ಹೆಸರೇನು ಅಂತ ಕೇಳಿದ್ಲು. ಮುಂದಿಂದು ಕೇಳಲಿಲ್ಲ."

ಮುಂದಿನದು ಏನೆಂದು ಗಣಪತನಿಗೆ ಗೊತ್ತಿತ್ತು. ಧೊಂಡಿಬಾನ ಮನೆಯವರು ಬುದ್ಧನ ದೀಕ್ಷೆ ತೆಗೆದುಕೊಂಡು ಏಳು ವರ್ಷವಾಗಿತ್ತು. ಊರು ಇನ್ನೂ ಹಳೆಯ ಜಾತಿಯ ಹೆಸರಿನಿಂದಲೇ ಕೂಗುತ್ತಿತ್ತು.

"ಆಕಿ ಕೊಳ್ಳಾಗಿನ ಬೆಳ್ಳಿ ಜಪಮಾಲಿ ಹರದಿತ್ತು. ನನ್ನ ಚಂಚಿಯಾಗ ಬಿಳಿಗಾರ, ಬೆಸಗಿ ಚೂರು ಯಾವಾಗಲೂ ಇರತಾವ. ಊದುಗೊಳವಿ ಇರಲಿಲ್ಲ. ಪಪ್ಪಾಯಿ ದಂಟಿಲೆ ಊದಿ ಬೆಸದ ಕೊಟ್ಟೆ. ರಾತ್ರಿ ಆಕಿ ಪಡಸಾಲಿಯೊಳಗ ಮಲಗಿದ್ದೆ."

"ಗೊಳವಿ ಎಲ್ಲಿಟ್ಟು ಹೋಗಿದ್ದಿ?" ಕಾಕಾ ಕೇಳಿದ.

"ಹುಣಸಿಹಣ್ಣು ಹಚ್ಚಿ ತಿಕ್ಕಿ, ಅರಿವ್ಯಾಗ ಸುತ್ತಿ ಕಾರಖಾನೆ ಗೂಡಿನಾಗ ಇಟ್ಟಿದ್ದೆ."

"ಮುಖದ ಬೆಳ್ಳಿ ಹೆಂಗಿತ್ತು?"

"ಗಡಸ ಇತ್ತು ಕಾಕಾ. ಬಡಿಯೂ ಮುಂದ ಎರಡು ಸಲ ಸೀಳು ಬಿಡ್ತು. ಶೇಟಗ ಹೇಳಿದೆ. ನಕ್ಕ. 'ಭಾಳ ದಣದಿ, ನಾಕು ದಿನಾ ಸೂಟಿ ತಗೋ, ನಿನ್ನ ನೀರಿನ ಊರು ನೋಡ್ಕೊಂಡು ಬಾ' ಅಂದ."

ಹೊರಗೆ ಫೌಜದಾರ ಕಪಾಟಿನಿಂದ ಊದುಗೊಳವೆ ತೆಗೆದು ಮೇಜಿನ ಮೇಲಿಟ್ಟ. ಕಾಕಾ ಅದನ್ನು ಬೆಳಕಿಗೆ ಹಿಡಿದು ತಿರುವಿದ. ಬೆಂಕಿಗೆ ಒಡ್ಡುವ ತುದಿ ಥಳಥಳ ಹೊಳೆಯುತ್ತಿತ್ತು. ನಡುಭಾಗದಲ್ಲಿ, ಆಚೆಗೊಂದು ಈಚೆಗೊಂದು, ಸಣ್ಣ ಹಲ್ಲಿನ ಎರಡು ಸಾಲು ಗೀರು.

"ಇದನ್ನ ನೀವು ಹೆಂಗ ಎತ್ತಿದ್ರಿ ಸಾಹೇಬ?"

"ಕೈಯಿಂದ. ಮತ್ತೇನು ಬಾಯಿಂದ ಎತ್ತಲಿ?" ಅಂದು ಫೌಜದಾರ ನಕ್ಕ. "ಕಾಯ್ ಮ್ಹಾತಾರಾ ಆಹೇ! ಎಂಥಾ ಮುದುಕಪಾ!"

ಅಲ್ಲಿಂದ ಕಾರಖಾನೆಗೆ. ಶೇಟ ತಾನೇ ಚಹಾ ತರಿಸಿದ. "ನನ್ನ ಕಾರಖಾನೆಯಾಗ ಜಾತಿ-ಗೀತಿ ಇಲ್ಲಪಾ ಕಾಡಸಿದ್ದಪ್ಪಾ. ಧೊಂಡ್ಯಾನ್ನ ಮಗನಗತೆ ಇಟ್ಕೊಂಡಿದ್ದೆ. ಉಂಡ ಮನಿ ಗಳಾ ಎಣಿಸಿದ." ಧೊಂಡಿಬಾನ ಸುತ್ತಿಗೆ ದಾರಿಯಲ್ಲೇ ಬಿದ್ದಿತ್ತು. ಶೇಟ ಮಾತಾಡುತ್ತಲೇ ಅದನ್ನು ಛತ್ರಿಯ ತುದಿಯಿಂದ ಬದಿಗೆ ಸರಿಸಿದ. ಹಳೆಯ ಕೆಲಸಗಾರ ಕೃಷ್ಣಾ ಬಂದು ಕೈಯಿಂದ ಎತ್ತಿ, ಅಂಗಿಗೆ ಒರೆಸಿ, ಗೂಡಿನಲ್ಲಿಟ್ಟ. ಮೂಸೆಯ ತಳದಲ್ಲಿ ಸಾಸಿವೆಯಷ್ಟು ಬೆಳ್ಳಿ ಕಾಳುಗಳು ಅಂಟಿದ್ದವು. ಕಾಕಾ ಉಗುರಿನಿಂದ ಕೆರೆದು ಎರಡು ಕಾಳು ಕಾಗದದಲ್ಲಿ ಕಟ್ಟಿಕೊಂಡ.

ಮನೆಗೆ ಬಂದು ಅಂದದ್ದು ಒಂದೇ ಮಾತು: "ಗಣಪತಾ, ದಿವಾಡಿಗೆ ಹೋಗು."

ಗಡಹಿಂಗ್ಲಜ, ಅಂಬೋಲಿ ಘಾಟು, ಪಣಜಿ, ನಾವೆ. ಗಣಪತ ಇಳಿದಾಗ ಬಿಸಿಲು ಧೊಂಡಿಬಾ ಹೇಳಿದಂತೆಯೇ ಇತ್ತು. ಆ ಬಿಸಿಲಿನ ಮೇಲೂ ಅವನಿಗೆ ಸಿಟ್ಟು ಬಂತು. ಪಾಸ್ಕೀನ್ ಮಾಯ್ ಕೊಂಕಣಿಯಲ್ಲಿ, ಇವನು ಮರಾಠಿಯಲ್ಲಿ. ಜಪಮಾಲೆ ನೋಡಿದ ಕೂಡಲೇ ಮಾತು ಬೇಕಾಗಲಿಲ್ಲ. ಬೆಸುಗೆ ಎಲ್ಲಿದೆಯೆಂದು ಕಣ್ಣಿಗೆ ಕಾಣದ ಹಾಗೆ ಬೆಸೆಯುವವನು ಹುಪರಿಯಲ್ಲಿ ಒಬ್ಬನೇ ಇದ್ದ. ನಾತಾಳದ ರಾತ್ರಿ ಅವನು ಮಲಗಿದ್ದ ಚಾಪೆ ತೋರಿಸಿದಳು. ಪಾದ್ರಿಯಿಂದ ತಾರೀಖು ಹಾಕಿ ಬರೆಸಿ ಕೊಟ್ಟಳು. ಹೊರಡುವಾಗ ಮಗಳ ಹರಿದ ಬೆಳ್ಳಿ ಸರವನ್ನೂ ಗಣಪತನ ಕೈಗಿಟ್ಟಳು. ಇದನ್ನೂ ಅವನೇ ಬೆಸೆಯಲಿ, ಎಂಥ ಬೆರಳು ಆ ಹುಡುಗನದು, ಮುಂದಿನ ನಾತಾಳಕ್ಕೆ ತಾನೇ ತರಲಿ, ಅಂದಳು.

ಜನವರಿ ಐದರ ಮಧ್ಯಾಹ್ನ ಶೇಟನ ಕಾರಖಾನೆಯಲ್ಲಿ ಎಲ್ಲರೂ ಕೂಡಿದರು: ಶೇಟ, ಫೌಜದಾರ, ಕೃಷ್ಣಾ, ಉತ್ತೂರಿನ ಹಿರಿಯ ಹಾಲಸಿದ್ದ. ಬಾಗಿಲ ಬಳಿ ಸಾವಕ್ಕ ನಿಂತಳು. ಕಾಕಾ ಪಾದ್ರಿಯ ಚೀಟಿ ಓದಿಸಿದ.

"ಹಂಗಾರ ಧೊಂಡಿಬಾ ಅಲ್ಲಿ ಇದ್ದದ್ದು ಖರೆ," ಅಂದ ಕಾಕಾ. "ಇಲ್ಲಿ ಯಾರಿದ್ರು? ಗೊಳವಿಯಿಂದ ಹಿಡಿಯೂಣು. ಇದರಿಂದ ಬೆಂಕಿ ಊದಿದ್ದರ ತುದಿ ಕರ್ರಗಾಗತಿತ್ತು. ಹೊಳ್ಯಾಕತ್ತೈತಿ. ಅಂದ್ರ ಯಾರೂ ಊದಿಲ್ಲ, ತಂದು ಇಟ್ಟಾರ. ಮೂಸಿ ನೋಡ್ರಿ. ಕೂಲಿ ಮಾಡಾಂವ ಮೂಸಿ ಕೆರೀದ ಏಳೂದಿಲ್ಲ, ಕಾಳು ಬಿಟ್ಟರ ಬೈಗಳ ತಿಂತಾನ. ಇದನ್ನ ಕರಗಿಸಿದಾಂವಗ ಯಾರೂ ಬೈಯೂದಿಲ್ಲ. ಅವನ ಮೂಸಿ ದಿನಾ ಮತ್ತೊಬ್ಬ ಕೆರೀತಾನ."

ಕೃಷ್ಣಾ ತನ್ನ ಉಗುರು ನೋಡಿಕೊಂಡ.

ಕಾಕಾ ಒರೆಗಲ್ಲು ತೆಗೆದು ಕಾಳನ್ನು ಉಜ್ಜಿದ. ಕಪ್ಪು ಕಲ್ಲಿನ ಮೇಲೆ ಕೆಂಪು ಗೀರು ಎದ್ದಿತು. "ಹಾಲಸಿದ್ದಪ್ಪಾ, ಇದು ನಿಮ್ಮ ದೇವಿ ಮುಖ. ತಾಮ್ರ. ನಿಮ್ಮ ಹೆಣ್ಣುಮಕ್ಕಳು ತಾಮ್ರದ ಕಡಗ ಕೊಟ್ಟಿದ್ರೇನು? ಬೆಳ್ಳಿ ತಗದು ತಾಮ್ರ ಕೂಡಿಸಿದಾಂವಗ ಈ ಮುಖ ನನ್ನ ಕಲ್ಲಿಗೆ ಬರಬಾರದಾಗಿತ್ತು. ಬಡಿಯೂ ಕೈಗೆ ಸುಳಿವು ಹತ್ತಿತು. ಆ ಕೈಯನ್ನ ಸೂಟಿ ಕೊಟ್ಟು ಕಳಿಸಿದ. ದೀಪಾವಳಿಗೂ ಕೊಡದ ಸೂಟಿ."

"ಕೃಷ್ಣಾನೂ ಕೂಡಿಸಿರಬಹುದು!" ಶೇಟನ ದನಿ ಏರಿತು.

"ಇರಬಹುದು." ಕಾಕಾ ಊದುಗೊಳವೆಯನ್ನು ಕೃಷ್ಣಾನ ಕೈಗೆ ಕೊಟ್ಟ. ಅವನು ಹಾಲಸಿದ್ದನಿಗೆ, ಹಾಲಸಿದ್ದ ಫೌಜದಾರನಿಗೆ. ಫೌಜದಾರ ಶೇಟನ ಮುಂದೆ ಚಾಚಿದ. ಶೇಟನ ಕೈ ಮೇಲೇಳಲಿಲ್ಲ. "ಅಲ್ಲಿಡ್ರಿ... ಕೆಳಗಿಡ್ರಿ," ಅಂದ.

"ತಗೋರಿ ಶೇಟಜಿ. ಮಗನ ಎಂಜಲಾ," ಅಂದ ಗಣಪತ. ಹಲ್ಲು ಕಚ್ಚಿಕೊಂಡೇ ಅಂದ.

"ಅದರ ನಡುವ ಇಕ್ಕಳದ ಹಲ್ಲು ಮೂಡ್ಯಾವ," ಅಂದ ಕಾಕಾ. "ಬೆಂಕಿಯಾಗಿಂದ ತಗದದ್ದಲ್ಲ, ತಣ್ಣಗಿನ ಗೂಡಿನಾಗಿಂದ ಇಕ್ಕಳದಿಂದ ಎತ್ತ್ಯಾನ. ಕಳವು ಮಾಡಾಕ ಹೆದರಲಿಲ್ಲ, ದೇವಿ ಮುಖಾ ಕರಗಸಾಕ ಹೆದರಲಿಲ್ಲ. ಧೊಂಡಿಬಾನ ಬಾಯಿ ಹತ್ತಿದ ಗೊಳವಿ ಮುಟ್ಟಾಕ ಹೆದರಿದ. ಈ ಕಾರಖಾನೆಯಾಗ ಅಂಥಾಂವ ಒಬ್ಬನ ಅದಾನ."

ಶೇಟ ಹಾಲಸಿದ್ದನ ಕಾಲು ಹಿಡಿದ. ಅವನ ಕಾಲನ್ನು ಮಾತ್ರ ಮುಟ್ಟಬಹುದಾಗಿತ್ತು.

ಗಂಟು ಬಿಚ್ಚಿತ್ತು. ಇನ್ನು ಬೇಡಿ ಬೀಳುತ್ತದೆಂದು ಗಣಪತ ಕಾದ. ಹಾಲಸಿದ್ದ ಮತ್ತು ಫೌಜದಾರ ಮೂಲೆಗೆ ಹೋಗಿ ಮಾತಾಡಿಕೊಂಡು ಬಂದರು. ಶೇಟ ಚೊಕ್ಕ ಬೆಳ್ಳಿಯ ಹೊಸ ಮುಖ ಮಾಡಿಸಿ ಕೊಡಬೇಕು, ಸಂಕ್ರಾಂತಿ ಹತ್ತಿರ ಬಂತು, ದೇವರ ಕೆಲಸದಲ್ಲಿ ಕೋರ್ಟು-ಕಚೇರಿ ಬೇಡ.

"ಹುಡುಗನ್ನ ಬಿಡ್ತೀವಿ, ಆಯ್ತಲ್ಲ?" ಅಂದ ಫೌಜದಾರ. "ತಪಾಸ ಮುಗೀತು."

"ಅವನ ಕೈ?" ಅಂದಳು ಸಾವಕ್ಕ. ಅಂದು ಆಕೆ ಆಡಿದ ಮಾತು ಅದೊಂದೇ. ಫೌಜದಾರ ಟೊಪ್ಪಿಗೆ ತಲೆಗಿಟ್ಟು ಹೊರಗೆ ನಡೆದ. ಕಾಕಾ ಒರೆಗಲ್ಲನ್ನು ಒರೆಸಿದ. ಕೆಂಪು ಗೀರು ಹೋಯಿತು.

ಸಂಜೆ ಧೊಂಡಿಬಾನನ್ನು ಮನೆಗೆ ಕರೆತಂದರು. ಕೊಲ್ಲಾಪುರದ ದೊಡ್ಡ ಡಾಕ್ಟರು ನೋಡಿ, ಠಾಣೆಯಲ್ಲಿ ಮುರಿದ ಬಲಗೈಯ ಮೂರು ಬೆರಳು, ಎಡಗೈಯ ಎರಡು, ಇನ್ನು ಮಡಚಲು ಬರುವುದಿಲ್ಲ ಅಂದದ್ದು ಎಂಟು ದಿನ ಬಿಟ್ಟು. ಅಂದು ಸಂಜೆ ಅವನಿಗೆ ಅದು ಆಗಲೇ ಗೊತ್ತಿತ್ತೆಂದು ಗಣಪತನಿಗೆ ಅನಿಸಿತು. ಧೊಂಡಿಬಾ ಶೇಟನ ಬಗ್ಗೆ ಕೇಳಲಿಲ್ಲ.

"ದಿವಾಡಿಗೆ ಹೋಗಿದ್ದ್ಯಂತಲ್ಲ ಗಣಪ್ಯಾ. ಮುದುಕಿ ನನ್ನ ನೆನಸಿದ್ಲೇನು?"

"ಹೂಂ."

"ಏನಂದ್ಲು?"

ಗಣಪತನ ಕೈ ಕಿಸೆಯಲ್ಲಿ ಹರಿದ ಸರದ ಮೇಲಿತ್ತು.

"ಬಾ ಅಂದಾಳ," ಅಂದ. "ಅಷ್ಟ."

ಸಂಕ್ರಾಂತಿಗೆ ಉತ್ತೂರಿನ ದೇವಿಗೆ ಹೊಸ ಮುಖ ಬಂತು. ಕಾಕಾನ ಕಲ್ಲಿಗೆ ಹಚ್ಚಿದರು, ಚೊಕ್ಕ ಇತ್ತು. ಮುಂದಿನ ನಾತಾಳ ಬಂತು, ಹೋಯಿತು. ಸರ ಗಣಪತನ ಪೆಟ್ಟಿಗೆಯಲ್ಲಿ ಕಪ್ಪಾಗುತ್ತ ಬಿದ್ದಿತ್ತು. ಬೆಸೆಯಲು ಅವನಿಗೂ ಬರುತ್ತಿತ್ತು. ಆದರೆ ಅವನು ಬೆಸೆದರೆ ಬೆಸುಗೆ ಎಲ್ಲಿದೆಯೆಂದು ಕಾಣುತ್ತಿತ್ತು.