ಮರಳಿ ಬಂದ ಐದು ಕಾಳು

"ಯಾರೋ ಏನೋ! ಕಾಗದಿಲ್ಲ, ಪತ್ರಿಲ್ಲ... ಇಂಥಾಕಿನ್ನ ನನ್ನ ಮನಿಯಾಗ ತಂದಿಟ್ಟೀಯಲ್ಲ! ಪೊಲೀಸರು ಬಂದ್ರ ನನ್ನ ಮಗನ ಕೈಗಿ ಬೇಡಿ ಬೀಳ್ತದ. ಇಕಿನ್ನ ಹೊರಗ ಹಾಕು, ಇಲ್ಲಾ ನೀನೂ ಇಕಿ ಸಂಗಾಟ ನಡಿ!"

ಅತ್ತೆ ವೀರಭದ್ರಮ್ಮನ ದನಿಗೆ ಮಾನ್ವಿಯ ಆ ಮಧ್ಯಾಹ್ನದ ಮನೆ ಗಡಗಡನೆ ನಡುಗಿತು. ಸೊಸೆ ನೀಲಗಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮೂಲೆಯಲ್ಲಿ ತುಂಬು ಬಸುರಿ ಹುಡುಗಿ ತಲೆತಗ್ಗಿಸಿ ಕುಳಿತಿತ್ತು. ಗಡಿಯಾಚೆಯ ಬಂಗಾಲದಿಂದ ಚೀಟಿಯಿಲ್ಲದೆ ಬಂದ ಜೀವ. ಅದರ ಗಂಡ ದೇವದುರ್ಗದ ಕಡೆ ಕಾಲುವೆ ಕೆಲಸದಲ್ಲಿದ್ದ. ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಮತ್ತೆ ಗಡಿಗೇ ದಬ್ಬುತ್ತಿದ್ದರು... ಇಷ್ಟಕ್ಕೂ ಆ ಹುಡುಗಿ ಕೇಳಿದ್ದೇನು, ಗಂಡನ ಮುಖ ತಾನೆ?

ಇಂಥವರನ್ನು ಕರೆತರುವವಳು ಬಳೆಗಾರ್ತಿ ಮುನ್ನೀ ಬೀ. ರಾಯಚೂರು ಸ್ಟೇಷನ್ನಿನ ಸತ್ತಾರ್ ಸಾಬನ ಚಹದಂಗಡಿಯಿಂದ ಮಾನ್ವಿಗೆ, ಮಾನ್ವಿಯಿಂದ ದೇವದುರ್ಗದ ಸುಗ್ರಾ ಬೇಗಂಳ ಮನೆಗೆ. ಪ್ರತಿ ಮನೆಯ ಹೆಂಗಸರೂ ಉಡಿ ತುಂಬಿ, ಮಗಳೆಂದೇ ಕಳಿಸುತ್ತಿದ್ದರು. ತುಂಬಿದ ಉಡಿಯಲ್ಲಿ ತವರಿನಿಂದ ಹೊರಟವಳನ್ನು ಬಸ್ಸಿನಲ್ಲಾಗಲಿ ಪೊಲೀಸ್ ನಾಕಾದಲ್ಲಾಗಲಿ ಯಾರು ತಡೆದಾರು?

ವೀರಭದ್ರಮ್ಮನ ಸ್ವಂತ ಮಗಳು ಆದೆಮ್ಮ ಮಾತ್ರ ಖಾಲಿ ಉಡಿಯಲ್ಲಿ ಗಂಡನ ಮನೆಗೆ ಹೋಗಿದ್ದಳು. ತಾಯಿಯೊಡನೆ ಜಗಳವಾಡಿ ಹೋದವಳು ತಿರುಗಿ ನೋಡಿರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಉಡಿಯ ಮಾತೆತ್ತಿದರೆ ಮುದುಕಿ ಕೆಂಡವಾಗುತ್ತಿದ್ದಳು.

ಆದರೂ ನೀಲಗಂಗಮ್ಮ ಮೊರ ತಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಹುಡುಗಿಯ ಸೆರಗಿಗೆ ಹಾಕಿದಳು. ಹುಡುಗಿ ಗಂಟು ಬಿಗಿದು ಎದ್ದು ನಿಂತಿತು.

ಅಷ್ಟರಲ್ಲಾಗಲೇ ಹವಾಲ್ದಾರ ಮೌನಪ್ಪ ಉಡಿ ತುಂಬುವುದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದ!

"ಉಡಿ ತುಂಬಿಸ್ಕೊಂಡಾಕಿ ತವರಿಗಿ ಐದು ಕಾಳು ಹಿಂದಕ್ಕ ಹಾಕಬೇಕಲ್ಲವ್ವಾ? ನಮ್ಮ ಕಡಿ ಹೆಣ್ಣುಮಗಳು ಇದನ್ನ ಮರೀತಾಳೇನು? ಯಾರ ಮಗಳು ಇಕಿ?"

ಅಯ್ಯೋ ಶಿವನೇ! ಕಾಳು ಹಿಂದಿರುಗಿಸುವುದನ್ನು ಹೇಳಿಕೊಡಲು ನೀಲಗಂಗಮ್ಮ ಮರೆತಿದ್ದಳು. ಎಲ್ಲವೂ ಈಗ ಅತ್ತೆಯ ಒಂದು ಮಾತಿನಲ್ಲಿತ್ತು. ಹೊರಗಿನ ಬಿಸಿಲು, ಬೇವಿನ ನೆರಳು, ಎಲ್ಲ ಕನಸಿನಲ್ಲಿದ್ದಂತೆ ನಿಂತುಬಿಟ್ಟವು...

"ನನ್ನ ಮಗಳು!" ವೀರಭದ್ರಮ್ಮ ಹುಡುಗಿಯ ಮುಂದೆ ಬಂದು ನಿಂತಳು. "ನನ್ನ ಮ್ಯಾಗ ಸಿಟ್ಟದ ಅಕಿಗಿ. ಅದಕ್ಕ ಹಾಕಲಿಲ್ಲ... ಅವತ್ತ ನಾನೇ ಅಕಿನ್ನ ಬರೀ ಉಡೀಲೆ ಕಳಿಸಿದ್ದೆ, ಯಪ್ಪಾ! ನಾನೇ ಕಳಿಸಿದ್ದೆ!"

ಹುಡುಗಿಯನ್ನು ತಬ್ಬಿಕೊಂಡು ಮುದುಕಿ ಬಿಕ್ಕಿದಳು. ಮಾತು ತಿಳಿಯದಿದ್ದರೂ ಆ ಹುಡುಗಿಯೂ ಅತ್ತಿತು. ಆ ಅಳು ಸುಳ್ಳಲ್ಲ ಎಂಬುದು ನೀಲಗಂಗಮ್ಮನಿಗೆ ಗೊತ್ತಿತ್ತು.

ಮೌನಪ್ಪ ಹೊಸ್ತಿಲಿನಿಂದ ಹಿಂದೆ ಸರಿದ. "ದೇವದುರ್ಗದ ಬಸ್ಸು ಬರೋ ಹೊತ್ತಾತು. ಲಗೂ ಕಳಸ್ರಿ," ಎಂದು ಟೊಪ್ಪಿಗೆ ಸರಿಮಾಡಿಕೊಂಡು ಹೊರಟುಹೋದ.

ದೀಪಾವಳಿ ಹತ್ತಿರ ಬಂದಾಗ ಮುನ್ನೀ ಬೀ ಬಳೆಬುಟ್ಟಿ ಇಳಿಸಿ, ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಐದೇ ಐದು ಅಕ್ಕಿಕಾಳು.

"ಗಂಡನ್ನ ಸೇರ್ಯಾಳ ಯವ್ವಾ. ಹೆಣ್ಣು ಹಡದಾಳ. ಸುಗ್ರಾ ಬೇಗಂ ಪದ್ಧತಿ ಹೇಳಿದ್ಳಂತ... ತವರಿಗಿ ಮುಟ್ಟಸು ಅಂದಾಳ."

ವೀರಭದ್ರಮ್ಮ ಕಾಳುಗಳನ್ನು ಕಣ್ಣಿಗೊತ್ತಿಕೊಂಡು ಅಕ್ಕಿಯ ಗಡಿಗೆಗೆ ಹಾಕಿದಳು. ಗಡಿಗೆಯ ಬಾಯಿ ಮುಚ್ಚಿ ಸೊಸೆಯ ಕಡೆ ತಿರುಗಿದಳು.

"ನೀಲಾ, ಪೆಟ್ಟಿಗಿ ತಗಿ. ಆದೆಮ್ಮನ ಸೀರಿ ಹೊರಗಿಡು," ಎಂದಳು. "ಮುಂದ ಬರಾಕಿಗಿ ಬೇಕಾಗ್ತದ."