ಬಾವಲಗವಿಯ ಕಿವಿಮೂಳೆ

ಪುರಾತತ್ವ ಇಲಾಖೆ ಕೊಟ್ಟಿದ್ದ ಮೂರು ದಿನಗಳ ಪರವಾನಗಿಯಲ್ಲಿ ಎರಡನ್ನು ಮಳೆ ತಿಂದುಹಾಕಿತ್ತು. ಉಳಿದದ್ದು ಇದೊಂದೇ ದಿನ. ಬಾವಲಗವಿಯೊಳಗಿನ ತಲೆಬುರುಡೆಯನ್ನು ಇಂದೇ ಹೊರತರಬೇಕು. ಇಲ್ಲವಾದರೆ ಮುಂಗಾರಿನ ನೀರು ಅದನ್ನು ಕೊಚ್ಚಿಕೊಂಡು ಹೋಗುವುದು ಖಂಡಿತ.

ತಂಡದಲ್ಲಿ ಮೂವರೇ. ಹಳೆಯ ಎಲುಬುಗಳಿಂದ ಡಿಎನ್‌ಎ ತೆಗೆಯುವುದು ಮೃಣಾಲಳ ಕೆಲಸ. ಅಕಿವಾಟದ ಒಕ್ಕಲು ಮನೆತನದ ಮಗಳು. ಹಗ್ಗ ಹಿಡಿಯಲು ಬಂದವನು ಸಾಗರ. ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ದುಡಿಯುವ ಅವನಿಗೆ ರಜೆ ಬಂದರೆ ಸಾಕು, ಕಡಿದಾದ ಬಂಡೆ ಹತ್ತಿಳಿಯುವ ಹುಚ್ಚು. ಮೂರನೆಯವನು ದಾರಿ ತೋರಿಸುವ ಸಾತಪ್ಪ. ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುವ ಸಾತಪ್ಪನಿಗೆ ಗಡಹಿಂಗ್ಲಜದ ಪಶ್ಚಿಮಕ್ಕಿರುವ ಈ ಹಳ್ಳಿ ಹೆಂಡತಿಯ ತವರು. ಜೇನು ಹುಡುಕುತ್ತ ಗವಿಗೆ ನುಗ್ಗಿ, ಬುರುಡೆಯನ್ನು ಮೊದಲು ಕಂಡವನು ಅವನೇ. ಅದರ ಪಕ್ಕದ ಇದ್ದಿಲಿಗೆ ಮೂರು ಸಾವಿರ ವರ್ಷ ವಯಸ್ಸೆಂದು ಪರೀಕ್ಷೆ ಹೇಳಿತ್ತು.

ಹೊರಡುವಾಗ ಊರ ಹಿರಿಯ ಅಣ್ಣಾಸಾಹೇಬ ಚಾವಡಿಯ ಕಟ್ಟೆಯ ಮೇಲಿಂದ ಮೃಣಾಲಳಿಗೆ ಕೂಗಿ ಹೇಳಿದ್ದರು: "ಬಾಯಾರ, ಗುಡ್ಡ ನಮ್ಮದು. ಒಳಗಿರಾಂವ ನಮ್ಮ ಮೂಲಪುರುಷ. ಏನ ಸಿಕ್ಕರೂ ಇಲ್ಲೇ ಬಂದು ನಾಕ ಮಂದಿ ಮುಂದ ಹೇಳಬೇಕ ನೋಡ್ರಿ."

ಏರುದಾರಿಯಲ್ಲಿ ಸಾತಪ್ಪ ಮುಂದೆ ನಡೆದ. ಕೆಂಪು ಜಂಬಿಟ್ಟಿಗೆಯ ಗುಡ್ಡ ತೊಯ್ದು ಕಪ್ಪಾಗಿತ್ತು. ಕವಳಿ ಪೊದೆಗಳ ಮುಳ್ಳು ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಕೆಳಗೆ ಹಿರಣ್ಯಕೇಶಿ ನದಿ ಕಬ್ಬಿನ ಹೊಲಗಳ ನಡುವೆ ಕೆಸರು ಬಣ್ಣಕ್ಕೆ ತಿರುಗಿತ್ತು. ಪಶ್ಚಿಮದ ಘಟ್ಟದ ಮೇಲೆ ಮೋಡ ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು.

"ನಮ್ಮಜ್ಜ ಬಾಗಲಕೋಟಿ ಕಡಿಂದ ಇಚಲಕರಂಜಿಗಿ ಬಂದು ಅರವತ್ತ ವರ್ಷಾತ್ರಿ," ಎಂದ ಸಾತಪ್ಪ. "ಇನ್ನೂ ನಮ್ಮನ್ನ ಹೊರಗಿನವರು ಅಂತಾರ. ಈ ಊರ ಅಳಿಯ ಆದರೂ ಹಂಗ. ಆ ಎಲುಬು ನಮ್ಮ ರಕ್ತದ್ದು ಅಂತ ನೀವೊಂದ ಮಾತ ಹೇಳಿದ್ರ..."

"ನಾ ಮಾತ ಕೊಡೂದಿಲ್ಲ ಮಾಮಾ," ಎಂದಳು ಮೃಣಾಲ. " ಬಿಸಲು, ಮಳಿ, ಈ ಕೆಂಪ ಮಣ್ಣು, ಎಲ್ಲಾ ಡಿಎನ್‌ಎದ ವೈರಿ. ಕಿವಿ ಹಿಂದಿನ ಗಟ್ಟಿ ಎಲುಬಿನ್ಯಾಗ ಒಂದೀಟ ಉಳದಿದ್ರ ಅದ ನಮ್ಮ ಪುಣ್ಯಾ."

ಗವಿಯ ಬಾಯಲ್ಲಿ ಮೂವರೂ ಬಿಳಿ ಮೇಲಂಗಿ, ಮುಖಗವಸು, ಕೈಗವಸು ತೊಟ್ಟರು. ಉಸಿರು, ಬೆವರು, ಉಗುಳು ಯಾವುದೂ ಎಲುಬಿಗೆ ತಾಗಬಾರದು. ಒಳಗೆ ಹನ್ನೆರಡು ಅಡಿ ಉದ್ದದ ಬಿಲವಿತ್ತು. ಹೊಟ್ಟೆಯ ಮೇಲೆ ತೆವಳಿಯೇ ದಾಟಬೇಕು. ಸಾಗರ ಹಗ್ಗವನ್ನು ಬಂಡೆಗೆ ಬಿಗಿದು, ತುದಿಯನ್ನು ಮೃಣಾಲಳ ಕೈಗೆ ಕೊಟ್ಟು ಈಚೆ ಉಳಿದ.

"ಮೂರ ಸಲ ಎಳದ್ರ ಜಗ್ಗತೇನಿ. ಮ್ಯಾಲ ಮಳಿ ಜೋರಾದ್ರ ನಾನ ಒದರತೇನಿ. ಆವಾಗ ಏನಿದ್ರೂ ಬಿಟ್ಟ ಬರಬೇಕು."

ಬಿಲದಾಚೆ ಒಬ್ಬರು ನಿಲ್ಲುವಷ್ಟು ಎತ್ತರದ ಕೋಣೆ. ಬಾವಲಿಗಳು ಭರ್ರನೆ ಹಾರಿದವು. ಎದೆಮಟ್ಟದ ಮಣ್ಣಿನ ದಿಬ್ಬದ ಮೇಲೆ, ಒಂದು ಬದಿ ಪುಡಿಯಾದ ಬುರುಡೆ. ಮೃಣಾಲ ಸಣ್ಣ ಬ್ರಶ್ಶಿನಿಂದ ಮಣ್ಣು ಬಿಡಿಸತೊಡಗಿದಳು. ಸಾತಪ್ಪ ದೀಪ ಹಿಡಿದ. ಬಿಲದ ಕಲ್ಲಿಗೆ ಸಿಕ್ಕಿ ಹರಿದ ಬಲಗೈಯ ಗವಸನ್ನು ಅವನು ಕಿತ್ತುಹಾಕಿದ್ದು ಅವಳ ಗಮನಕ್ಕೆ ಬರಲಿಲ್ಲ.

ಅರ್ಧ ಗಂಟೆಯಾಗಿರಬೇಕು. ಗೋಡೆಯ ಸಂದಿಯಿಂದ ಕೆಂಪು ನೀರಿನ ಎಳೆಯೊಂದು ಇಳಿಯಿತು. ನೋಡುತ್ತಿದ್ದಂತೆ ಅದು ಕೈಗಾತ್ರವಾಯಿತು.

"ನೀರ!" ಸಾಗರನ ಕೂಗು ಬಿಲದಲ್ಲಿ ಗುಂಯ್‌ಗುಟ್ಟಿತು. "ಹೊರಗ ಬರ್ರಿ! ಚಲಾ, ಚಲಾ!"

"ಎರಡ ನಿಮಿಷ!"

ದಿಬ್ಬ ಎರಡು ನಿಮಿಷ ಕಾಯಲಿಲ್ಲ. ಅದರ ಬುಡವೇ ಕುಸಿಯಿತು. ಬುರುಡೆ ಉರುಳಿ, ಕಾಲ ಬಳಿ ಮೊರೆಯುತ್ತಿದ್ದ ನೀರಿನತ್ತ ಜಾರಿತು. ಸಾತಪ್ಪ ದೀಪ ಬಿಸಾಕಿ ಮುಗ್ಗರಿಸಿ ಬಿದ್ದ.

"ಮುಟ್ಟಬ್ಯಾಡ್ರಿ!"

ಅಷ್ಟರಲ್ಲಿ ಅದು ಅವನ ಬರಿಗೈಯಲ್ಲಿತ್ತು. ಇಡೀ ಬುರುಡೆಯಲ್ಲ, ಅಂಗೈಯಗಲದ ಒಂದು ತುಂಡು. ಉಳಿದದ್ದು ಕೆಸರಲ್ಲಿ ಮುಳುಗಿತ್ತು. ಮೃಣಾಲ ಹಣೆದೀಪದ ಬೆಳಕು ಬಿಟ್ಟಳು. ಕಿವಿಯ ಹಿಂದಿನ ಎಲುಬು!

ಅವಳು ಅದನ್ನು ಚೀಲಕ್ಕೆ, ಚೀಲವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ನೀರು ಮೊಣಕಾಲು ದಾಟಿತ್ತು. ಬಿಲ ಅರ್ಧ ತುಂಬಿತ್ತು.

"ನೀವ ಮೊದಲ ನಡೀರಿ ಬಾಯಾರ."

"ಹಗ್ಗ ಒಂದ ಐತಿ ಮಾಮಾ!"

"ಬಿಲಾ ನನಗ ಗೊತ್ತೈತಿ. ನಡೀರಿ!"

ಅವಳು ಸೊಂಟಕ್ಕೆ ಹಗ್ಗ ಬಿಗಿದು ಮೂರು ಸಲ ಎಳೆದಳು. ಡಬ್ಬಿಯನ್ನು ಮುಂದೆ ತಳ್ಳುತ್ತ, ಮೂಗನ್ನು ಮೇಲಿನ ಕಲ್ಲಿಗೆ ಒತ್ತಿ, ನಾಲ್ಕು ಬೆರಳಗಲದ ಗಾಳಿಯಲ್ಲಿ ಉಸಿರಾಡಿದಳು. ಭುಜ ಸಿಕ್ಕಿಕೊಂಡಿತು. ಉಸಿರು ಪೂರ್ತಿ ಬಿಟ್ಟು ಮೈ ಸಣ್ಣದು ಮಾಡಿದಳು. ಸಾಗರ ಜಗ್ಗಿದ. ಮೊಣಕೈ ತರಚಿ, ಹೊರಗೆ ಬಿದ್ದಳು.

"ಮಾಮಾ ಎಲ್ಲಿ?" ಸಾಗರ ಕೇಳಿದ.

ಬಿಲದ ಬಾಯಿ ನೀರಲ್ಲಿ ಪೂರ್ತಿ ಮುಚ್ಚಿತು.

ಸಾಗರ ಹಗ್ಗದ ತುದಿಗೆ ಕಲ್ಲು ಕಟ್ಟಿ ಒಳಕ್ಕೆ ಬೀಸಿದ. ಏನೂ ಇಲ್ಲ. ಇನ್ನೊಮ್ಮೆ ಬೀಸಿದ. ಮೃಣಾಲ ಸೆಕೆಂಡು ಎಣಿಸುತ್ತಿದ್ದಳು: ಹದಿನೆಂಟು, ಹತ್ತೊಂಬತ್ತು...

ಹಗ್ಗ ಬಿಗಿಯಾಯಿತು.

ಇಬ್ಬರೂ ಹಿಂದಕ್ಕೆ ಬಿದ್ದು ಎಳೆದರು. ಮೊದಲು ಕೈ, ಆಮೇಲೆ ತಲೆ, ಆಮೇಲೆ ಇಡೀ ಸಾತಪ್ಪ ಹೊರಬಂದ. ಕೆಂಪು ನೀರು ಕಾರಿಕೊಂಡ. ಅವನ ಮೊದಲ ಮಾತು: "ಡಬ್ಬಿ?"

"ಐತಿ."

ಕತ್ತಲಾಗುವ ಮೊದಲೇ ಮೂವರೂ ಒಬ್ಬರಿಗೊಬ್ಬರು ಆತು, ಕುಂಟುತ್ತ ಗುಡ್ಡ ಇಳಿದರು. ಕಾರು ಹತ್ತುವ ಮೊದಲು ಮೃಣಾಲ, ಮುಂದೆ ತಾಳೆ ನೋಡಲೆಂದು, ಮೂವರ ಬಾಯಿಯಿಂದಲೂ ಹತ್ತಿಕಡ್ಡಿಯಲ್ಲಿ ಎಂಜಲು ತೆಗೆದಿಟ್ಟುಕೊಂಡಳು, ತನ್ನದನ್ನೂ ಸೇರಿಸಿ.

ನಾಲ್ಕು ತಿಂಗಳ ನಂತರ ಅವಳು ಫಲಿತಾಂಶ ಹಿಡಿದು ಅದೇ ಚಾವಡಿಗೆ ಬಂದಳು. ಅಣ್ಣಾಸಾಹೇಬ ಕಟ್ಟೆಯ ಮೇಲೆ. ಸಾತಪ್ಪ, ಸಾಗರ ಕೆಳಗೆ ನಿಂತಿದ್ದರು.

"ಎಲುಬಿನ ಮ್ಯಾಲಿನ ಪುಡಿಯೊಳಗ ಸಿಕ್ಕ ಡಿಎನ್‌ಎ ಸಾತಪ್ಪ ಮಾಮಾಗ ಪೂರ್ತಿ ಹೊಂದತೈತಿ," ಎಂದಳು.

ನೆರೆದವರಲ್ಲಿ ಗುಸುಗುಸು ಎದ್ದಿತು. ಸಾತಪ್ಪನ ಮುಖ ಅರಳಿತು. ಮೃಣಾಲಳಿಗೆ ಮುಂದಿನ ಮಾತು ಆಡುವುದು ಬಿಲ ದಾಟಿದಷ್ಟೇ ಕಷ್ಟವಾಯಿತು.

"ಯಾಕಂದ್ರ ಅದು ಅವರ ಬೆವರು. ಹಳೇ ಡಿಎನ್‌ಎ ಸವದು ಚೂರ ಚೂರ ಆಗಿರತೈತಿ. ಇದು ತಾಜಾ. ಒಳಗಿನ ಚೂರು ಭಾಳ ಕಡಿಮಿ ಸಿಕ್ಕವು. ಅವು ಹೇಳಿದ್ದು ಇಷ್ಟ: ಆಕಿ ಹೆಣ್ಣಮಗಳು."

"ಮೂಲಪುರುಷ ಅಲ್ಲ?" ಅಣ್ಣಾಸಾಹೇಬರ ದನಿ ಇಳಿದಿತ್ತು.

"ಅಲ್ಲ ಕಾಕಾ. ತಾಯಿಂದ ಮಕ್ಕಳಿಗೆ ಬರೋ ಒಂದ ಎಳಿ ಓದಾಕ ಬಂತು. ಅಂಥಾದ್ದು ದೇಶದ ತುಂಬ ಎಲ್ಲಾರ ಮನ್ಯಾಗೂ ಸಿಗತೈತಿ. ಮೂರ ಸಾವಿರ ವರ್ಷ ಅಂದ್ರ ನೂರಕ್ಕೂ ಹೆಚ್ಚ ತಲಿಮಾರು. ಆಕಿ ಮಕ್ಕಳ ವಂಶ ಬೆಳದಿದ್ರ ಇಲ್ಲಿರೋ ಎಲ್ಲಾರಿಗೂ ಅಜ್ಜಿ ಆಗಿರಬಹುದು. ಬೆಳೀಲಿಲ್ಲಂದ್ರ ಯಾರಿಗೂ ಅಲ್ಲ. ಯಾವುದು ಖರೆ ಅಂತ ಈ ಎಲುಬು ಹೇಳೂದಿಲ್ಲ. ಇನ್ನೊಂದ ಸಲ ಪರೀಕ್ಷಾ ಮಾಡಿದರೂ ಹೇಳೂದಿಲ್ಲ."

ಸಾತಪ್ಪ ಮೆಲ್ಲಗೆ ಕೇಳಿದ, "ನಾ ಕೈ ಹಚ್ಚಿ ಕೆಡಿಸಿದ್ನೇನ್ರಿ ಬಾಯಾರ?"

"ನೀವು ಕೈ ಹಾಕದಿದ್ರ ಆಕಿ ಹೆಣ್ಣಮಗಳು ಅನ್ನೂದೂ ಯಾರಿಗೂ ಗೊತ್ತಾಗತಿದ್ದಿಲ್ಲ ಮಾಮಾ."

ಅಣ್ಣಾಸಾಹೇಬ ಗುಡ್ಡದ ಕಡೆ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದರು.

"ಕೆಳಗ್ಯಾಕ ನಿಂತಿ ಸಾತಪ್ಪಾ? ಮ್ಯಾಲ ಬಾ. ಒಳಗ ನೀರ ಎಲ್ಲಿಮಟಾ ಬಂದಿತ್ತು, ಹೇಳ ನೋಡೂಣು."

ಸಾತಪ್ಪ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದ. ಗದ್ದದ ಕೆಳಗೆ ಕೈ ಇಟ್ಟು ನೀರಿನ ಮಟ್ಟ ತೋರಿಸುತ್ತ ಹೇಳಲು ಶುರುಮಾಡಿದ.