ಬೀರಲಿಂಗಪ್ಪನ ಹೆಬ್ಬೆಟ್ಟು

೧೯೭೮ರಲ್ಲಿ ನಾನು ಹೊನ್ನಾಳಿಯ ಬ್ಯಾಂಕೊಂದರಲ್ಲಿ ಕೆಲಸ ಕಲಿಯುತ್ತಿದ್ದೆ. ಸಹಿ ಬಾರದವರ ಎಡಗೈ ಹೆಬ್ಬೆಟ್ಟು ಹಿಡಿದು, ಮಸಿ ತಾಗಿಸಿ, ಫಾರ್ಮಿನ ಮೇಲೆ ಒತ್ತಿಸುವುದು ನನ್ನ ಪಾಲಿಗೆ ಬಂದ ಕೆಲಸ.

ಮೇ ತಿಂಗಳ ಒಂದು ಮಧ್ಯಾಹ್ನ ಸಾಸ್ವೆಹಳ್ಳಿಯ ಮುದುಕ ಬೀರಲಿಂಗಪ್ಪ ಎಡಗೈ ಚಾಚಿದ. ಆ ಸೆಕೆಯಲ್ಲೂ ಅವನ ಹೆಬ್ಬೆಟ್ಟು ಹೂಜಿಯ ನೀರಿನಷ್ಟು ತಣ್ಣಗಿತ್ತು. ಹಿಡಿದ ನನ್ನ ಬೆರಳಿಗೆ ಜೋಮು ಹತ್ತಿತು. ಆಫೀಸರು ಖಾತೆ ತೆರೆದಾಗಿನ ಹಳೆಯ ಕಾರ್ಡಿನ ಗುರುತಿಗೆ ತಾಳೆ ನೋಡಿ, "ಸರಿ ಐತೆ" ಅಂದರು.

ಮರುದಿನ ಅದೇ ಮುದುಕ ಬಂದು ಬಲಗೈ ಚಾಚಿದ.

"ಎಡಗೈ ಕೊಡ್ರಿ ಅಜ್ಜ, ನಿನ್ನೆ ಕೊಟ್ಟಂಗೆ," ಅಂದೆ.

"ನಿನ್ನೆ ನಾನೆಲ್ಲಿ ಬಂದಿದ್ದೆ ತಮ್ಮಾ?" ಅವನು ಟವೆಲ್ ಸರಿಸಿ ಎಡಗೈ ತೋರಿಸಿದ. ನಾಲ್ಕೇ ಬೆರಳಿದ್ದವು. "ಹೆಬ್ಬೆಟ್ಟು ಕಬ್ಬಿನ ಗಾಣಕ್ಕೆ ಸಿಕ್ಕು ಹೋಗಿ ಮೂರು ವರ್ಷಾತು."

ಹಿಂದಿನ ದಿನದ ಫಾರ್ಮು ತೆಗೆದು ಮುಟ್ಟಿ ನೋಡಿದೆ. ಗುರುತಿನ ಮಸಿ ಇನ್ನೂ ಆರಿರಲಿಲ್ಲ.